ಸಮತಲವೂ ನುಣುಪಲ್ಲವೇ? ಗುಣಾಕಾರದ ಕ್ರಮ ಬದಲಾದಾಗ ಜ್ಯಾಮಿತಿಗೆ ಏನಾಗುತ್ತದೆ

ಗೋಕರ್ಣದ ಓಂ ಬೀಚಿಗೆ ಇಳಿಯುವಾಗ ಗುಡ್ಡದ ಮೇಲೆ ಸ್ವಲ್ಪ ಹೊತ್ತು ನಿಂತರೆ ತೀರದ ಆಕಾರ ಪೂರ್ತಿ ಕಾಣುತ್ತದೆ. ಎರಡು ಅರ್ಧಚಂದ್ರ, ನಡುವೆ ನೀರಿಗೆ ಚಾಚಿದ ಬಂಡೆ. ಕೆಳಗೆ ಮರಳಿನ ಅಂಚಿನಲ್ಲೇ ನಡೆದು ಹೋಗಿ ನೋಡಿ. ದಿಕ್ಕು ನಿಧಾನಕ್ಕೆ ಬದಲಾಗುತ್ತಾ ಹೋಗುತ್ತದೆ, ಕಾಲಿಗೆ ಗೊತ್ತೇ ಆಗುವುದಿಲ್ಲ. ಬಂಡೆಯ ಹತ್ತಿರ ಮಾತ್ರ ಗಕ್ಕನೆ ತಿರುಗಬೇಕು. ಅಲ್ಲಿ ನಿಂತು ‘ತೀರ ಯಾವ ಕಡೆಗೆ ಹೋಗುತ್ತಿದೆ’ ಅಂತ ಕೇಳಿದರೆ ಒಂದೇ ಉತ್ತರ ಇಲ್ಲ.

ನಾನು ಕಾರವಾರದಲ್ಲಿ ಡಿಗ್ರಿ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಗಣಿತದವರು ‘ಸ್ಮೂತ್’ ಅನ್ನುವುದನ್ನು ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕಿಲ್ಲ. ಕನ್ನಡದಲ್ಲಿ ನುಣುಪು ಅನ್ನೋಣ. ಅರ್ಧಚಂದ್ರದ ಉದ್ದಕ್ಕೂ ತೀರ ನುಣುಪು, ಬಂಡೆಯ ಹತ್ತಿರ ಚೂಪು.

ಇಷ್ಟು ಸರಳ ಮಾತಿನ ಮೇಲೆ ಸುಮಾರು ನಲವತ್ತು ವರ್ಷದಿಂದ ಒಂದು ದೊಡ್ಡ ಪ್ರಶ್ನೆ ನಿಂತಿದೆ. ಗುಣಾಕಾರದಲ್ಲಿ ಹಿಂದುಮುಂದು ಮಾಡಿದರೆ ಉತ್ತರ ಬದಲಾಗುವ ಬೀಜಗಣಿತದಲ್ಲಿ ನುಣುಪು ಅಂದರೆ ಏನು? ಉತ್ತರ ಒಂದಲ್ಲ, ಹಲವು ಇವೆ. ಒಂದಕ್ಕೊಂದು ಒಪ್ಪುವುದಿಲ್ಲ. ಅವುಗಳಲ್ಲಿ ಒಂದರ ಪ್ರಕಾರ ನಮ್ಮ ಚಪ್ಪಟೆ ಸಮತಲ ಕೂಡ ನುಣುಪಲ್ಲ! ಮೊದಲ ಸಲ ಓದಿದಾಗ ನನಗೆ ಇದು ಅಚ್ಚಿನ ತಪ್ಪು ಅನಿಸಿತ್ತು. ತಪ್ಪಲ್ಲ.

ಮೊದಲು ಹಳೆಯ ಲೆಕ್ಕ. ಬೀಜಗಣಿತೀಯ ಜ್ಯಾಮಿತಿಯಲ್ಲಿ ಆಕಾರವನ್ನು ನೇರವಾಗಿ ನೋಡುವುದಿಲ್ಲ. ಅದರ ಮೇಲೆ ಬರೆಯಬಹುದಾದ ಬಹುಪದಗಳನ್ನೆಲ್ಲ ಒಟ್ಟು ಮಾಡಿ, ಆ ಗುಂಪನ್ನು ನೋಡುತ್ತಾರೆ. ಅದನ್ನು ರಿಂಗ್ ಅಥವಾ ಆಲ್ಜಿಬ್ರಾ ಅನ್ನುತ್ತಾರೆ. ಕ, ತ ಎಂಬ ಎರಡು ಚರಾಕ್ಷರ ಇಟ್ಟುಕೊಳ್ಳೋಣ. ಬರೀ ಕ ಮತ್ತು ತ ಇದ್ದರೆ ಅದು ಸಮತಲ. ತ² = ಕ³ ಅಂತ ಷರತ್ತು ಹಾಕಿದರೆ ಒಂದು ವಕ್ರರೇಖೆ. ಮೂಲಬಿಂದುವಿನಲ್ಲಿ ಅದು ಕೊಕ್ಕಿನ ಹಾಗೆ ಚೂಪಾಗಿರುತ್ತದೆ.

ಆ ಚೂಪನ್ನು ಹಿಡಿಯಲು ಮೂರು ದಾರಿ ಇವೆ. ಒಂದು, ತ² − ಕ³ ಅನ್ನು ಅವಕಲಿಸಿ ನೋಡುವುದು. 2ತ ಮತ್ತು −3ಕ² ಬರುತ್ತವೆ. ಮೂಲಬಿಂದುವಿನಲ್ಲಿ ಎರಡೂ ಸೊನ್ನೆ, ಹಾಗಾಗಿ ಸ್ಪರ್ಶಕ ಎಲ್ಲಿ ಎಂದು ಹೇಳಲು ಬರುವುದಿಲ್ಲ.

ಎರಡನೆಯದು ಗ್ರೋಥೆಂಡಿಕ್ ಕೊಟ್ಟದ್ದು. ನನಗೆ ಬಹಳ ಇಷ್ಟವಾದದ್ದು. ಒಂದು ಹೆಜ್ಜೆ ಇಟ್ಟವರು ಮುಂದಿನ ಹೆಜ್ಜೆಯನ್ನೂ ಇಡಬಹುದೇ ಅಂತ ಅದು ಕೇಳುತ್ತದೆ. ‘ಇ’ ಎಂಬ ತುಂಬಾ ಸಣ್ಣ ಸಂಖ್ಯೆ ಇದೆ, ಅದರ ವರ್ಗ ಸೊನ್ನೆ ಅಂದುಕೊಳ್ಳಿ. ಮೂಲಬಿಂದುವಿನಿಂದ ಕ = 0, ತ = ಇ ಅಂತ ಹೆಜ್ಜೆ ಇಡಿ. ತ² ಸೊನ್ನೆ, ಕ³ ಸೊನ್ನೆ, ಷರತ್ತು ಸರಿ ಹೋಯಿತು. ಈಗ ಸ್ವಲ್ಪ ಸೂಕ್ಷ್ಮವಾಗಿ ನೋಡೋಣ. ಇ³ ಸೊನ್ನೆ, ಆದರೆ ಇ² ಸೊನ್ನೆಯಲ್ಲ ಅನ್ನೋಣ. ಕ ಮತ್ತು ತ ಎರಡಕ್ಕೂ ಇ² ಮಟ್ಟದ ತಿದ್ದುಪಡಿ ಮಾಡಿಕೊಳ್ಳಲು ಅವಕಾಶ ಇದೆ. ಏನೇ ತಿದ್ದಿದರೂ ತ² ಅನ್ನುವುದು ಇ² ಆಗುತ್ತದೆ, ಕ³ ಸೊನ್ನೆಯೇ. ಷರತ್ತು ಮುರಿಯಿತು. ಮೊದಲ ಹೆಜ್ಜೆ ಇಟ್ಟಾಯಿತು, ಎರಡನೆಯದಕ್ಕೆ ಕಾಲಿಡಲು ಜಾಗ ಇಲ್ಲ. ಚೂಪು ಅಂದರೆ ಇದು.

ಮೂರನೆಯದು ಸಂಬಂಧಗಳನ್ನು ಎಣಿಸುವ ದಾರಿ. 1950ರ ದಶಕದಲ್ಲಿ ಸೆರ್, ಆಸ್‌ಲ್ಯಾಂಡರ್, ಬುಕ್ಸ್‌ಬಾಮ್ ಇದನ್ನು ಗಟ್ಟಿ ಮಾಡಿದರು. ಸಮತಲದ ಮೂಲಬಿಂದುವನ್ನು ಹಿಡಿಯಲು ಕ, ತ ಎರಡು ಬೇಕು. ಅವೆರಡರ ನಡುವೆ ಒಂದು ಸಂಬಂಧ ಇದೆ, ತ ಸಲ ಕ ಮತ್ತು ಕ ಸಲ ತ ಸಮ. ಆ ಸಂಬಂಧಕ್ಕೆ ಮತ್ತೆ ಸಂಬಂಧ ಇಲ್ಲ. ಎಣಿಕೆ 1, 2, 1 ಅಂತ ಮುಗಿಯಿತು. ಮೊದಲ 1 ಬಿಟ್ಟರೆ ಎರಡು ಹೆಜ್ಜೆ, ಸಮತಲದ ಆಯಾಮವೂ ಎರಡೇ. ಮೇಲಿನ ಕೊಕ್ಕಿನ ರೇಖೆಗೆ ಇದೇ ಲೆಕ್ಕ ಮಾಡಿದರೆ 1, 2, 2, 2, 2… ಮುಗಿಯುವುದೇ ಇಲ್ಲ. ಮದುವೆಮನೆಯಲ್ಲಿ ಹಿರಿಯರು ಸಂಬಂಧ ಹುಡುಕಲು ಕೂತ ಹಾಗೆ, ಸಂಬಂಧಕ್ಕೆ ಸಂಬಂಧ, ಅದಕ್ಕೆ ಇನ್ನೊಂದು. ಎಣಿಕೆ ಎಲ್ಲಾದರೂ ನಿಂತರೆ ನುಣುಪು, ನಿಲ್ಲದಿದ್ದರೆ ಚೂಪು.

ಸಂಕೀರ್ಣ ಸಂಖ್ಯೆಗಳ ಮೇಲೆ ಲೆಕ್ಕ ಮಾಡುವಾಗ ಈ ಮೂರೂ ಒಂದೇ ಉತ್ತರ ಕೊಡುತ್ತವೆ. ಒಂದೇ ಊರಿಗೆ ಮೂರು ರಸ್ತೆ ಇದ್ದ ಹಾಗೆ. ಊರು ಒಂದೇ ಅಂತ ನಾವು ನಿಶ್ಚಿಂತೆಯಿಂದ ಇದ್ದೆವು.

ಈಗ ಶಿರಸಿ ಕಡೆಗೆ ಹೋಗೋಣ, ಅಡಿಕೆ ಅಂಗಳಕ್ಕೆ. ಕೊನೆ ಕೊಯ್ಲು ಆದಮೇಲೆ ಅಡಿಕೆಗೆ ಎರಡು ಮುಖ್ಯ ಕೆಲಸ, ಸುಲಿಯುವುದು ಮತ್ತು ಒಣಗಿಸುವುದು. ಮೆಟ್ಟುಗತ್ತಿಯಲ್ಲಿ ಮೊದಲು ಸುಲಿದು, ಬೇಯಿಸಿ, ಆಮೇಲೆ ಒಣಗಿಸಿದರೆ ಕೆಂಪಡಿಕೆ. ಸಿಪ್ಪೆ ಸಮೇತ ಮೊದಲು ಒಣಗಿಸಿ, ಆಮೇಲೆ ಸುಲಿದರೆ ಚಾಲಿ. ಕಾಯಿ ಹಸಿಯೋ ಹಣ್ಣೋ ಅನ್ನುವುದೂ ಇದೆ ನಿಜ. ಆದರೆ ಎರಡು ಕೆಲಸ ಹಿಂದುಮುಂದಾದರೆ ಮಾಲೇ ಬೇರೆ, ದರವೇ ಬೇರೆ. ‘ಸುಲಿ, ಒಣಗಿಸು’ ಮತ್ತು ‘ಒಣಗಿಸು, ಸುಲಿ’ ಒಂದೇ ಅಲ್ಲ.

ಗಣಿತದಲ್ಲಿ ಇದನ್ನು ನಾನ್‌ಕಮ್ಯುಟೇಟಿವ್ ಅನ್ನುತ್ತಾರೆ. ಕತ ಬೇರೆ, ತಕ ಬೇರೆ. ಎರಡು ಮ್ಯಾಟ್ರಿಕ್ಸ್, ಅಂದರೆ ಚೌಕವಾಗಿ ಜೋಡಿಸಿದ ಸಂಖ್ಯೆಗಳ ಪಟ್ಟಿ, ಗುಣಿಸಿದವರಿಗೆ ಇದು ಗೊತ್ತು. 1925ರಲ್ಲಿ ಹೈಸೆನ್‌ಬರ್ಗ್, ಬಾರ್ನ್, ಜೋರ್ಡನ್ ಕ್ವಾಂಟಮ್ ಮೆಕ್ಯಾನಿಕ್ಸ್ ಕಟ್ಟಿದಾಗ ಪ್ರಕೃತಿಯೂ ಹೀಗೇ ಅಂತ ಗೊತ್ತಾಯಿತು. ಅಲ್ಲಿನ ಮೂಲ ಸಮೀಕರಣವನ್ನು ಸರಳ ಮಾಡಿ ಬರೆದರೆ ಕತ − ತಕ = 1. ಈ ಷರತ್ತಿನ ಬೀಜಗಣಿತಕ್ಕೆ ವೈಲ್ ಆಲ್ಜಿಬ್ರಾ ಅಂತ ಹೆಸರು. ಇದರ ಆಕಾರ ಹೇಗಿದೆ ಅಂತ ನೋಡಲು ಹೋದರೆ ಒಂದು ಬಿಂದುವೂ ಸಿಗುವುದಿಲ್ಲ. ಬಿಂದು ಅಂದರೆ ಕ, ತ ಜಾಗದಲ್ಲಿ ಎರಡು ಸಂಖ್ಯೆ ಹಾಕುವುದು ತಾನೇ? ಸಂಖ್ಯೆ ಹಾಕಿದ ತಕ್ಷಣ ಎಡಗಡೆ ಸೊನ್ನೆ, ಬಲಗಡೆ 1. ಬಿಂದುವೇ ಇಲ್ಲದ ಜಾಗದಲ್ಲಿ ಸ್ಪರ್ಶಕ ಎಳೆಯುವುದು ಎಲ್ಲಿ? ಮೊದಲ ದಾರಿ ಇಲ್ಲಿಗೆ ಮುಚ್ಚಿತು. ಉಳಿದದ್ದು ಹೆಜ್ಜೆಯ ದಾರಿ ಮತ್ತು ಸಂಬಂಧದ ದಾರಿ.

ಹೆಜ್ಜೆಯ ದಾರಿಯನ್ನು ಹಿಡಿದವರು 1986ರಲ್ಲಿ ಶೆಲ್ಟರ್, ಆಮೇಲೆ 1995ರಲ್ಲಿ ಕುಂಟ್ಸ್ ಮತ್ತು ಕ್ವಿಲೆನ್. ಗ್ರೋಥೆಂಡಿಕ್ ಪರೀಕ್ಷೆಯನ್ನೇ ಇಟ್ಟುಕೊಂಡರು. ಒಂದು ಮಾತು ಮಾತ್ರ ಬದಲಿಸಿದರು. ಹೆಜ್ಜೆ ಇಡುವ ಜಾಗವೂ ನಾನ್‌ಕಮ್ಯುಟೇಟಿವ್ ಆಗಿರಬಹುದು ಅಂದರು. ಅಷ್ಟಕ್ಕೇ ಸಮತಲ ಫೇಲಾಯಿತು! ಯಾಕೆ ಅಂತ ಪೂರ್ತಿ ತೋರಿಸುತ್ತೇನೆ. ಪೆನ್ನು ಹಿಡಿದು ಓದಿದರೆ ಐದು ನಿಮಿಷದ ಕೆಲಸ.

ಕ ಮತ್ತು ತ ಬಳಸಿ ಪದಗಳನ್ನು ಬರೆಯೋಣ. ಕಕತ, ತಕ, ಕತಕತ, ಹೀಗೆ. ಕ್ರಮ ಬದಲಾದರೆ ಪದವೇ ಬೇರೆ. ಕತ − ತಕ ಅನ್ನುವುದಕ್ಕೆ ದ ಅಂತ ಹೆಸರಿಡೋಣ. ಈಗ ಒಂದು ನಿಯಮ ಹಾಕೋಣ, ದ ಎರಡು ಸಲ ಬಂದ ಯಾವ ಗುಣಲಬ್ಧವೂ ಸೊನ್ನೆ. ದ ಒಂದೇ ಸಲ ಬಂದರೆ ಸೊನ್ನೆಯಲ್ಲ. ಕ್ರಮದ ಗಲಾಟೆ ಕೂದಲೆಳೆಯಷ್ಟು ಇರುವ ಜಾಗ ಇದು. ದ ಬಂದದ್ದನ್ನೆಲ್ಲ ಮರೆತರೆ ನಮ್ಮ ಹಳೆಯ ಸಮತಲ ಸಿಗುತ್ತದೆ.

ಪರೀಕ್ಷೆ ಏನು? ಈ ಜಾಗದಲ್ಲಿ ಕ ಮತ್ತು ತ ಎರಡಕ್ಕೂ ಸ್ವಲ್ಪ ತಿದ್ದುಪಡಿ ಮಾಡಿ, ಅವು ಹಿಂದುಮುಂದಾದರೂ ಸಮ ಆಗುವಂತೆ ಮಾಡಬೇಕು. ದ ಮರೆತಾಗ ಹಳೆಯ ಕ, ತ ಸಿಗಬೇಕು, ಹಾಗಾಗಿ ತಿದ್ದುಪಡಿಯಲ್ಲಿ ದ ಇರಲೇಬೇಕು. ದ ಅನ್ನುವುದು ಎರಡಕ್ಷರದ ವಸ್ತು. ಹಾಗಾಗಿ ತಿದ್ದುಪಡಿ ಎರಡಕ್ಷರವೋ ಅದಕ್ಕಿಂತ ಉದ್ದವೋ ಆಗಿರುತ್ತದೆ. ತಿದ್ದಿದ ಕ ಮತ್ತು ತಿದ್ದಿದ ತ ಇವುಗಳನ್ನು ಎರಡೂ ಕ್ರಮದಲ್ಲಿ ಗುಣಿಸಿ, ಆ ಎರಡು ಉತ್ತರಗಳ ವ್ಯತ್ಯಾಸ ತೆಗೆಯಿರಿ. ಮೊದಲಿಗೆ ದ ಬರುತ್ತದೆ. ಆಮೇಲೆ ಒಂದರ ತಿದ್ದುಪಡಿಯನ್ನು ಇನ್ನೊಂದರ ಜೊತೆ ಗುಣಿಸಿದ ಪದಗಳು. ಅವೆಲ್ಲ ಮೂರಕ್ಷರ ಅಥವಾ ಜಾಸ್ತಿ. ಕೊನೆಗೆ ತಿದ್ದುಪಡಿ ಸಲ ತಿದ್ದುಪಡಿ. ಅಲ್ಲಿ ದ ಎರಡು ಸಲ ಬಂತು, ಸೊನ್ನೆ. ಈಗ ಎರಡಕ್ಷರದ ದ ಅನ್ನು ಮೂರಕ್ಷರದ ಪದಗಳು ಅಳಿಸಬಲ್ಲವೇ? ಸಾಧ್ಯವೇ ಇಲ್ಲ. ನಿಯಮದಿಂದ ಸೊನ್ನೆ ಆಗುವಂಥವು ನಾಲ್ಕಕ್ಷರದಿಂದ ಶುರು, ಆದ್ದರಿಂದ ಅಲ್ಲಿಯೂ ದ ಬಚಾವಾಗಿ ಉಳಿಯುತ್ತದೆ. ಹೆಜ್ಜೆ ಮುಂದಕ್ಕೆ ಹೋಗುವುದಿಲ್ಲ. ಸಮತಲ ಫೇಲು.

ಈ ಪರೀಕ್ಷೆಯಲ್ಲಿ ಪಾಸಾಗುವವು ಯಾರು? ಯಾವ ಷರತ್ತೂ ಇಲ್ಲದ ಪದಗಳ ಆಲ್ಜಿಬ್ರಾ ಪಾಸು. ಮ್ಯಾಟ್ರಿಕ್ಸ್‌ಗಳ ಆಲ್ಜಿಬ್ರಾ ಪಾಸು. ನುಣುಪಾದ ಒಂದು ಆಯಾಮದ ರೇಖೆಗಳೂ ಪಾಸು. ಎರಡು ಆಯಾಮದ ಹಳೆಯ ಆಕಾರ ಯಾವುದೂ ಇಲ್ಲಿ ದಾಟುವುದಿಲ್ಲ.

ಇದೊಂದು ವಿಪರೀತದ ಪರೀಕ್ಷೆ ಅನಿಸಬಹುದು. ಆದರೆ ಅದರಲ್ಲಿ ಅರ್ಥ ಇದೆ. 2000ದಲ್ಲಿ ಕೊಂಟ್ಸೆವಿಚ್ ಮತ್ತು ರೋಸೆನ್‌ಬರ್ಗ್ ಒಂದು ಸೂತ್ರ ಮುಂದಿಟ್ಟರು. ನಾನ್‌ಕಮ್ಯುಟೇಟಿವ್ ಜಾಗದಲ್ಲಿ ಬಿಂದು ಸಿಗದಿದ್ದರೆ ಸಂಖ್ಯೆಯ ಬದಲು ಮ್ಯಾಟ್ರಿಕ್ಸ್ ಹಾಕಿ ನೋಡಿ, ಆಗ ಸಿಗುವ ಮಾಮೂಲಿ ಆಕಾರಗಳಿಂದ ಮೂಲ ಜಾಗ ಹೇಗಿದೆ ಅಂತ ತಿಳಿಯಿರಿ. ಸಮತಲಕ್ಕೆ 2×2 ಮ್ಯಾಟ್ರಿಕ್ಸ್ ಹಾಕೋಣ. ಎರಡು ಮ್ಯಾಟ್ರಿಕ್ಸ್‌ಗೆ ಒಟ್ಟು 8 ಸಂಖ್ಯೆ. ಆದರೆ ಎರಡೂ ಹಿಂದುಮುಂದಾದರೂ ಒಂದೇ ಉತ್ತರ ಕೊಡಬೇಕು. ಕರ್ಣದ ಸರಾಸರಿಯನ್ನು ತೆಗೆದಿಟ್ಟರೆ ಪ್ರತಿ ಮ್ಯಾಟ್ರಿಕ್ಸ್‌ನಲ್ಲಿ ಮೂರು ಸಂಖ್ಯೆಯ ಒಂದು ಬಾಣ ಉಳಿಯುತ್ತದೆ. ಎರಡೂ ಬಾಣ ಒಂದೇ ಗೆರೆಯಲ್ಲಿ ಇರಬೇಕು, ಅದೇ ಷರತ್ತು. ಮೊದಲ ಬಾಣಕ್ಕೆ 3, ಎರಡನೆಯದಕ್ಕೆ ಉದ್ದ ಒಂದೇ ಬೇಕು, ಅಂದರೆ 1. ಎರಡು ಸರಾಸರಿ ಸೇರಿ ಒಟ್ಟು 6 ಆಯಾಮ. ಆದರೆ ಎರಡೂ ಸೊನ್ನೆ ಮ್ಯಾಟ್ರಿಕ್ಸ್ ಆಗಿರುವ ಬಿಂದುವಿನಲ್ಲಿ ನಿಂತರೆ ಎಂಟೂ ದಿಕ್ಕಿಗೆ ಮೊದಲ ಹೆಜ್ಜೆ ಇಡಬಹುದು. ಯಾಕೆಂದರೆ ಷರತ್ತು ಎರಡು ಸಣ್ಣವುಗಳ ಗುಣಲಬ್ಧ, ಮೊದಲ ಹೆಜ್ಜೆಯಲ್ಲಿ ಅದು ಕಾಣುವುದೇ ಇಲ್ಲ. ಆಯಾಮ 6, ದಿಕ್ಕು 8. ಚೂಪು! ಅಂದರೆ ಸಮತಲದಲ್ಲಿ ಚೂಪು ಅಡಗಿತ್ತು. ಸಂಖ್ಯೆ ಹಾಕಿದಾಗ ಕಾಣಲಿಲ್ಲ, ಮ್ಯಾಟ್ರಿಕ್ಸ್ ಹಾಕಿದಾಗ ಹೊರಬಂತು. ಕುಂಟ್ಸ್-ಕ್ವಿಲೆನ್ ಪರೀಕ್ಷೆ ಪಾಸಾದ ಆಲ್ಜಿಬ್ರಾದಲ್ಲಿ ಎಷ್ಟು ದೊಡ್ಡ ಮ್ಯಾಟ್ರಿಕ್ಸ್ ಹಾಕಿದರೂ ಇಂಥ ಚೂಪು ಬರುವುದಿಲ್ಲ.

ಹಾಗಿದ್ದೂ ಇದಕ್ಕೆ ‘ನುಣುಪು’ ಅನ್ನುವ ಹೆಸರು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಕುಂಟ್ಸ್ ಮತ್ತು ಕ್ವಿಲೆನ್ ಕೂಡ ಇಂಥ ಆಲ್ಜಿಬ್ರಾಗಳನ್ನು ‘ಕ್ವಾಸಿ-ಫ್ರೀ’ ಅಂದರು. ಷರತ್ತಿಲ್ಲದ್ದಕ್ಕೆ ಹತ್ತಿರದ್ದು ಅಂತ ಅರ್ಥ. ಆ ಹೆಸರೇ ಸರಿ. ಸಮತಲವನ್ನೇ ಹೊರಗಿಡುವ ನುಣುಪು ಎಂಥ ನುಣುಪು, ಅಲ್ವಾ?

ಸಂಬಂಧ ಎಣಿಸುವ ದಾರಿ ಹೆಚ್ಚು ಉದಾರ. ಆದರೆ ಅದೊಂದೇ ಸಾಲದು. ಷರತ್ತಿಲ್ಲದ ಪದಗಳ ಆಲ್ಜಿಬ್ರಾದಲ್ಲಿ ಎಣಿಕೆ ಬೇಗ ಮುಗಿಯುತ್ತದೆ. ಆದರೆ ಹತ್ತಕ್ಷರದ ಪದಗಳು ಅಲ್ಲಿ 1024 ಇವೆ, ಸಮತಲದಲ್ಲಿ ಬರೀ 11. ಇಷ್ಟು ಬೇಗ ಬೆಳೆಯುವುದನ್ನು ಜ್ಯಾಮಿತಿ ಅಂತ ಹೇಗೆ ಕರೆಯುವುದು? ಅದಕ್ಕೇ 1987ರಲ್ಲಿ ಆರ್ಟಿನ್ ಮತ್ತು ಶೆಲ್ಟರ್ ಇನ್ನೆರಡು ಷರತ್ತು ಸೇರಿಸಿದರು. ಬೆಳವಣಿಗೆ ಹದದಲ್ಲಿರಬೇಕು, ಎಣಿಕೆ ಹಿಂದಿನಿಂದ ಓದಿದರೂ ಹೊಂದಿಕೆಯಾಗಬೇಕು. ತಕ = 2ಕತ ಅನ್ನುವ ಷರತ್ತಿನ ಆಲ್ಜಿಬ್ರಾ ಇವೆಲ್ಲವನ್ನೂ ದಾಟುತ್ತದೆ. ಅಲ್ಲಿಯೂ ಹತ್ತಕ್ಷರದವು 11 ಮಾತ್ರ. 1990ರ ಹೊತ್ತಿಗೆ ಆರ್ಟಿನ್, ಟೇಟ್, ವಾನ್ ಡೆನ್ ಬರ್ಗ್ ಮೂರು ಆಯಾಮದ ಇಂಥ ಹಲವು ಆಲ್ಜಿಬ್ರಾಗಳ ಒಳಗೆ ಎಲಿಪ್ಟಿಕ್ ವಕ್ರರೇಖೆಗಳು (ಮೂರನೇ ಘಾತದ ಸಮೀಕರಣದಿಂದ ಬರುವ ಒಂದು ಬಗೆಯ ನುಣುಪು ರೇಖೆಗಳು) ಕೂತಿರುವುದನ್ನು ತೋರಿಸಿದರು. ಬಿಂದು ಇಲ್ಲ ಅಂದುಕೊಂಡ ಕಡೆ ಪೂರಾ ಒಂದು ವಕ್ರರೇಖೆ ಸಿಕ್ಕಿತು.

ಎಣಿಕೆಯಲ್ಲಿ ಇನ್ನೊಂದು ತೊಡಕಿದೆ. ಕ್ರಮ ಮುಖ್ಯವಾದಾಗ ಎಡದಿಂದ ಮಾತ್ರ ಗುಣಿಸಿ ಎಣಿಸುವುದು ಬೇರೆ, ಎಡಬಲ ಎರಡೂ ಕಡೆಯಿಂದ ಗುಣಿಸಿ ಎಣಿಸುವುದು ಬೇರೆ. ವೈಲ್ ಆಲ್ಜಿಬ್ರಾಕ್ಕೆ ಒಂದೇ ಕಡೆಯಿಂದ ಎಣಿಸಿದರೆ ಆಯಾಮ 1 ಅಂತ ಬರುತ್ತದೆ, 1962ರಲ್ಲಿ ರೈನ್‌ಹಾರ್ಟ್ ತೋರಿಸಿದ್ದು. ಎರಡೂ ಕಡೆಯಿಂದ ಎಣಿಸಿದರೆ 2. ಸಮತಲದ ನೆಂಟನಾದ ಅದಕ್ಕೆ 2 ಬರುವುದೇ ಸರಿ ಅಂತ ನನಗೆ ಕಾಣುತ್ತದೆ. ಈ ಎರಡು ಕಡೆಯ ಎಣಿಕೆ ಸೀಮಿತವಾಗಿ ಮುಗಿದರೆ ಅದನ್ನು ‘ಹೋಮಲಾಜಿಕಲ್ ನುಣುಪು’ ಅನ್ನುತ್ತಾರೆ. ಹಳೆಯ ಆಕಾರಗಳಿಗೆ ಇದನ್ನು ಹಚ್ಚಿದರೆ ಹಳೆಯ ಉತ್ತರವೇ ಬರುತ್ತದೆ. ಸಮತಲ ಪಾಸು, ಕೊಕ್ಕಿನ ರೇಖೆ ಫೇಲು. ನುಣುಪು ಅನ್ನುವ ಹೆಸರು ಇದಕ್ಕೇ ಸಲ್ಲಬೇಕು ಅನ್ನುವುದು ನನ್ನ ಪಕ್ಷ.

ಇದರ ಬಲ ಗೊತ್ತಾಗುವುದು ಚೂಪಾದ ಜಾಗದಲ್ಲಿ. ಕಾರವಾರದ ಟಾಗೋರ್ ಬೀಚಿನಲ್ಲಿ ಒಂದು ಸಂಜೆ ಕೆಲವು ವಿದ್ಯಾರ್ಥಿಗಳ ಜೊತೆ ಕೂತಿದ್ದೆ. ಕೈಯಲ್ಲಿ ಶೇಂಗಾ ಪೊಟ್ಟಣ. ಶೇಂಗಾ ಖಾಲಿಯಾದಮೇಲೆ ಪೊಟ್ಟಣವನ್ನು ತೋರಿಸಿ ಕೇಳಿದೆ, ‘ಇದರ ತುದಿ ಹೇಗಿದೆ?’ ಚೂಪು ಅಂದರು. ಬಿಚ್ಚಿದೆ. ಅರ್ಧ ವೃತ್ತದ ಚಪ್ಪಟೆ ಕಾಗದ. ಚೂಪು ಎಲ್ಲಿ ಹೋಯಿತು?

ಅರ್ಧ ವೃತ್ತವನ್ನು ಸುತ್ತಿ ಅಂಚಿಗೆ ಅಂಚು ಕೂಡಿಸುವುದು ಅಂದರೆ, ಸಮತಲದ ಪ್ರತಿ ಬಿಂದುವನ್ನೂ ಮೂಲಬಿಂದುವಿನ ಆಚೆ ಬದಿಯ ಬಿಂದುವಿಗೆ ಅಂಟಿಸುವುದು. ಪೊಟ್ಟಣದ ಮೇಲೆ ಉಳಿಯುವ ಬಹುಪದಗಳು ಕ², ಕತ, ತ² ಇವುಗಳಿಂದ ಆದವು ಮಾತ್ರ. ಅವು ಹಿಂದುಮುಂದಾದರೂ ಒಂದೇ, ಆದರೆ ತುದಿಯಲ್ಲಿ ಚೂಪು. ಈಗ ಕ, ತ ಎರಡನ್ನೂ ಉಳಿಸಿಕೊಳ್ಳಿ. ಸುತ್ತಿದ್ದರ ನೆನಪಿಗೆ ಸ ಅಂತ ಒಂದು ಅಕ್ಷರ ಸೇರಿಸಿ. ಸ² = 1, ಸಕ = −ಕಸ, ಸತ = −ತಸ. ಕ್ರಮ ಈಗ ಮುಖ್ಯವಾಯಿತು. ಈ ಆಲ್ಜಿಬ್ರಾದಲ್ಲಿ ಎಲ್ಲದರ ಜೊತೆಗೂ ಹಿಂದುಮುಂದಾಗಬಲ್ಲವು ಯಾವುವು ಅಂತ ಹುಡುಕಿದರೆ ಸಿಗುವುದು ಅದೇ ಪೊಟ್ಟಣ. ಆದರೆ ಇಡೀ ಆಲ್ಜಿಬ್ರಾದ ಎಣಿಕೆ 2ಕ್ಕೆ ಮುಗಿಯುತ್ತದೆ. ನುಣುಪು! ಕಾಗದವನ್ನು ಬಿಚ್ಚದೆಯೇ, ಸುತ್ತಿದ್ದನ್ನು ನೆನಪಿಟ್ಟುಕೊಂಡೇ ಚೂಪನ್ನು ಸರಿ ಮಾಡಿದ ಹಾಗೆ.

2004ರಲ್ಲಿ ವಾನ್ ಡೆನ್ ಬರ್ಗ್ ಇದನ್ನೇ ದೊಡ್ಡದು ಮಾಡಿ, ಚೂಪಾದ ಆಕಾರಕ್ಕೆ ನುಣುಪಾದ ನಾನ್‌ಕಮ್ಯುಟೇಟಿವ್ ಜೊತೆಗಾರನನ್ನು ಹುಡುಕುವ ವಿಧಾನ ಕೊಟ್ಟರು. ಮೂರು ಆಯಾಮದಲ್ಲಿ ಒಂದೇ ಚೂಪನ್ನು ಹಳೆಯ ರೀತಿಯಲ್ಲಿ ಎರಡು ಬೇರೆ ಬೇರೆ ವಿಧವಾಗಿ ನುಣುಪು ಮಾಡಬಹುದಾದ ಸಂದರ್ಭಗಳಿವೆ. ಅಲ್ಲಿ ಎರಡಕ್ಕೂ ಒಂದೇ ಆಲ್ಜಿಬ್ರಾ ಸಾಕಾಗುತ್ತದೆ.

ಇನ್ನು ಬೆಲೆಯ ಮಾತು. ಹಳೆಯ ಜ್ಯಾಮಿತಿಯಲ್ಲಿ 1964ರ ಹಿರೊನಾಕಾ ಪ್ರಮೇಯ ಇದೆ. ಅದರ ಬಲದಿಂದ, ಸಂಕೀರ್ಣ ಸಂಖ್ಯೆಗಳ ಮೇಲೆ, ತೆರೆದ ನುಣುಪು ಆಕಾರವನ್ನು ಯಾವಾಗಲೂ ಒಂದು ಮುಚ್ಚಿದ ನುಣುಪು ಆಕಾರದೊಳಗೆ ಕೂರಿಸಬಹುದು. ತುದಿಗಳನ್ನು ಸರಿಯಾಗಿ ಮಡಚಿ ಹೊಲಿದ ಹಾಗೆ. ಹೋಮಲಾಜಿಕಲ್ ನುಣುಪಿನ ಲೋಕದಲ್ಲಿಯೂ ಹೀಗೆ ಆಗುತ್ತದೆಯೇ ಅಂತ ಟೋಯೆನ್ ಕೇಳಿದ್ದರು. 2020ರಲ್ಲಿ ಪ್ರಕಟವಾದ ಲೇಖನದಲ್ಲಿ ಎಫಿಮೋವ್ ಇಲ್ಲ ಅಂತ ತೋರಿಸಿದರು. ಕೂರಿಸಲಾಗದ ಉದಾಹರಣೆಯನ್ನೇ ಕಟ್ಟಿದರು. ನುಣುಪೂ ಹೌದು, ಮುಚ್ಚಿದ್ದೂ ಹೌದು ಅನ್ನುವಂಥವು ಹಳೆಯ ಆಕಾರಗಳ ಹಾಗೇ ನಡೆದುಕೊಳ್ಳುತ್ತವೆ ಅಂತ ಕೊಂಟ್ಸೆವಿಚ್, ಸೊಯ್ಬೆಲ್ಮನ್ ಊಹಿಸಿದ್ದ ಒಂದು ಮುಖ್ಯ ಮಾತನ್ನು ಕಲೆಡಿನ್ ಸಾಧಿಸಿದ್ದರು. ಅದನ್ನು ಇನ್ನೂ ವಿಸ್ತರಿಸಿದ ಊಹೆಗಳು ಎಫಿಮೋವ್ ಉದಾಹರಣೆಗಳ ಮುಂದೆ ನಿಲ್ಲಲಿಲ್ಲ. ಹೆಸರು ಹಳೆಯದಾದರೂ ಹಳೆಯ ಸವಲತ್ತೆಲ್ಲ ಅದರ ಜೊತೆ ಬರುವುದಿಲ್ಲ. ನನ್ನ ಪಕ್ಷ ಇದರಿಂದ ಬದಲಾಗಿಲ್ಲ, ಆದರೆ ಪಾಠ ಮಾಡುವಾಗ ಇದನ್ನು ಮುಚ್ಚಿಡುವುದಿಲ್ಲ.

ಅವತ್ತು ಬೀಚಿನಲ್ಲಿ ಅಂಕೋಲಾ ಕಡೆಯ ಒಬ್ಬಳು ವಿದ್ಯಾರ್ಥಿನಿ ಕೇಳಿದಳು, ‘ಸರ್, ಎಲ್ಲಾ ಚೂಪನ್ನೂ ಹೀಗೆ ಬಿಚ್ಚಬಹುದಾ?’ ಇಲ್ಲ ಅಂದೆ. ವಾನ್ ಡೆನ್ ಬರ್ಗ್ ಹೇಳಿದ ರೀತಿಯಲ್ಲಿ ಬಿಚ್ಚಬೇಕಾದರೆ ಚೂಪು ಒಂದು ಮಟ್ಟಿಗೆ ಸೌಮ್ಯವಾಗಿರಬೇಕು ಅಂತ 2008ರಲ್ಲಿ ಸ್ಟಾಫರ್ಡ್ ಜೊತೆ ಸೇರಿ ಅವರೇ ತೋರಿಸಿದ್ದಾರೆ. ಕ³ + ತ³ + ಪ³ = 0 ಅನ್ನುವ ಶಂಕು ಆ ಮಟ್ಟ ದಾಟಿದ್ದು, ಬಿಚ್ಚುವುದಿಲ್ಲ. ಪೊಟ್ಟಣ ಮತ್ತು ಈ ಶಂಕು ಎರಡರ ತುದಿಯಲ್ಲೂ ಸಂಬಂಧ ಎಣಿಸಿಕೊಂಡು ಬಾ ಅಂತ ಕಳಿಸಿದೆ.

ಮರುದಿನ ನೋಟ್‌ಬುಕ್ ತಂದಳು. ಪೊಟ್ಟಣಕ್ಕೆ 1, 3, 4, 4, 4… ಶಂಕುವಿಗೂ 1, 3, 4, 4, 4… ಎಣಿಕೆ ಸರಿಯಾಗಿತ್ತು. ‘ಎರಡೂ ಒಂದೇ ಬಂತಲ್ಲ ಸರ್, ಮತ್ತೆ ವ್ಯತ್ಯಾಸ ಎಲ್ಲಿದೆ?’ ಎರಡನ್ನೂ ತುದಿಯಿಂದ ಸ್ವಲ್ಪ ದೂರದಲ್ಲಿ ಅಡ್ಡಕ್ಕೆ ಕತ್ತರಿಸಿ ನೋಡು ಅಂದೆ. ಸಂಕೀರ್ಣ ಸಂಖ್ಯೆಗಳ ಮೇಲೆ, ಅನಂತದಲ್ಲಿರುವ ಬಿಂದುಗಳನ್ನೂ ಸೇರಿಸಿಕೊಂಡರೆ, ಪೊಟ್ಟಣದ ಅಡ್ಡಕೊಯ್ತ ಚೆಂಡಿನ ಮೈಯ ಹಾಗೆ. ಶಂಕುವಿನದು ಎಲಿಪ್ಟಿಕ್ ವಕ್ರರೇಖೆ, ಉದ್ದಿನವಡೆಯ ಹಾಗೆ ನಡುವೆ ತೂತು ಇರುವಂಥದ್ದು. ಅವಳು ನೋಟ್‌ಬುಕ್ಕಿನಲ್ಲಿ ಎರಡೂ ಚಿತ್ರ ಬರೆದು, ತೂತಿನ ಸುತ್ತ ಪೆನ್ಸಿಲಿನಲ್ಲಿ ಎರಡು ಸಲ ಸುತ್ತು ಹಾಕಿದಳು.